ಧಾರವಾಡ ಕೋರ್ಟ್ ಹತ್ರದ ಭಾಷಾಂತರದ ಅಂಗಡಿ: ನಮ್ಮಪ್ಪಾರು ಓದಿದ ಗಲ್ಲಿನ ತೀರ್ಪು

ಐದಕ್ಕ ನಾಕು ಸ್ಟಾರ್ ಕೊಡ್ತೀನ್ರಿ. ಒಂದ್ ಯಾಕ ಕಡಿಮಿ ಅಂತ ಮುಂದ ಹೇಳ್ತೀನಿ.

ನಮ್ಮಪ್ಪಾರು ಬೆಳಗಾವಿ ಹಿಂಡಲಗಾ ಜೈಲಿನ್ಯಾಗ ವಾರ್ಡರ್ ಇದ್ದವ್ರು, ಈಗ ರಿಟೈರ್ ಆಗಿ ಧಾರವಾಡದಾಗ ಅದಾರ. ಪೊಲೀಸರು ಹೊಂಟಿದ್ದ ದಾರಿಯೊಳಗ ನೆಲಬಾಂಬ್ ಸಿಡಿಸಿದ ಪಾಲಾರ್ ಕೇಸಿನ್ಯಾಗ ಗಲ್ಲು ಶಿಕ್ಷೆ ಆಗಿದ್ದ ವೀರಪ್ಪನ್ ಗ್ಯಾಂಗಿನ ನಾಕು ಮಂದಿ ಅದ ಜೈಲಿನ್ಯಾಗ ಇದ್ರು. 2013ರ ಫೆಬ್ರವರಿಯೊಳಗ ರಾಷ್ಟ್ರಪತಿಗಳು ಕ್ಷಮಾದಾನ ಅರ್ಜಿ ತಿರಸ್ಕಾರ ಮಾಡಿದ್ರು ನೋಡ್ರಿ, ಇವತ್ತ ಗಲ್ಲು ನಾಳೆ ಗಲ್ಲು ಅಂತ ಟಿವಿಯೊಳಗ ಒಂದ ಸಮನ ಬರ್ತಿತ್ತು, ಆ ವಾರ ಅಪ್ಪಾರು ಡ್ಯೂಟಿ ಮುಗಿಸ್ಕೊಂಡು ಬಂದು ತಾಟಿನ ಮುಂದ ಕುಂತು ರೊಟ್ಟಿ ಮುರದು ಹಂಗ ಇಟ್ಟು ಏಳ್ತಿದ್ರು. ಆಮ್ಯಾಲೆ ಸುಪ್ರೀಂ ಕೋರ್ಟ್ ತಡೆ ಕೊಡ್ತು, 2014ರ ಜನವರಿ 21ಕ್ಕ ಗಲ್ಲು ಹೋಗಿ ಜೀವಾವಧಿ ಆತು. "ತಡಾ ಆತಂತ ಬಿಟ್ರಂತ" ಅನ್ನೋದೊಂದು ಮಾತಷ್ಟ ಅಪ್ಪಾರಿಗೆ ಗೊತ್ತು. ಬರೇ ತಡಾ ಆದ್ರ ಬಿಡ್ತಾರೇನು ಅಂತ ವರ್ಷಗಟ್ಲೆ ಕೇಳ್ತಾ ಬಂದ್ರು, ನನಗೂ ಉತ್ತರ ಗೊತ್ತಿರ್ಲಿಲ್ಲ.

ಅದಕ್ಕ ಇಂಗ್ಲಿಷ್ ಜಜ್ಮೆಂಟ್ ಪ್ರಿಂಟ್ ತಗೊಂಡು ಈ ಅಂಗಡಿಗೆ ಹೋದೆ. ಹೊರಗಿಂದ ನೋಡಿದ್ರ ಬರೇ ಝೆರಾಕ್ಸ್ ಅಂಗಡಿ, ಅಫಿಡವಿಟ್ ಟೈಪ್ ಮಾಡ್ಸೋರು, ಬಾಂಡ್ ಪೇಪರ್ ಕೇಳೋರು, ಕಾಲಿಡಾಕ ಜಾಗ ಇರಂಗಿಲ್ಲ. ಒಳಗ ಒಬ್ರು ವಯಸ್ಸಾದ ಕಾಕಾ ಕುಂತಿರ್ತಾರ, ಭಾಷಾಂತರ ಅವ್ರ ಕೆಲ್ಸ. ಪೂರ್ತಿ ಮಾಡ್ಸಿದ್ರ ಅವ್ರಿಗೇ ಲಾಭ ಇತ್ತು, ಆದ್ರ ಕಾಕಾ ಪ್ರತಿ ಹಾಳಿ ತಿರುವಿ ನೋಡಿ, "ತಂಗೀ, ಇದ್ರಾಗ ಹದಿನೈದು ಮಂದಿ ಗಲ್ಲಿನ ವಿಚಾರ ಐತಿ, ನಿಮ್ಮಪ್ಪಾರಿಗೆ ಬೇಕಾಗಿದ್ದು ಇಷ್ಟ" ಅಂತ ಪೆನ್ಸಿಲ್‌ಲೆ ಗುರುತು ಹಾಕಿ ಕೊಟ್ರು. ಇಷ್ಟು ಪ್ರಾಮಾಣಿಕ ಮಂದಿ ಕೋರ್ಟಿನ ಸುತ್ತ ಸಿಗೋದು ಕಷ್ಟ ರೀ, ಮನಸಿನಿಂದ ಹೇಳಾಕತ್ತೀನಿ.

ಸ್ಟಾರ್ ಕಡಿಮಿ ಆಗಿದ್ದು ಇಲ್ಲೇ. ಎಂಟು ದಿನ ಅಂದವ್ರು ಹದಿನೈದು ದಿನ ತಗೊಂಡ್ರು, ಮ್ಯಾಲೆ ಮೊದಲ ಸರ್ತಿ ಕೊಟ್ಟ ಕಾಪಿ ಅಂಗಡಿ ಹುಡುಗ ಮೊಬೈಲಿನ್ಯಾಗ ಹಾಕಿ ತಗದಿದ್ದು, ಇಂಗ್ಲಿಷಿನ "ಸೆಂಟೆನ್ಸ್"ಗೆ ಶಿಕ್ಷೆ ಅಂತ ಇರಬೇಕಾದಲ್ಲೆಲ್ಲಾ "ವಾಕ್ಯ" ಅಂತ ಬಂದಿತ್ತು, "ಮರಣ ವಾಕ್ಯ". ಒಬ್ಬ ಮನಷ್ಯಾನ ಜೀವದ ಮಾತು ಇದು, ಹಿಂಗ ಮಾಡಬಾರ್ದು. ನಾ ತೋರಿಸಿದಾಗ ಕಾಕಾ ಒಂದೂ ನೆಪ ಹೇಳ್ಲಿಲ್ಲ, ಅದನ್ನ ತಿರುಗಿ ಇಸ್ಕೊಂಡು ತಾವ ಕೈಲೆ ಬರದು ಕೊಟ್ರು, ಹೆಚ್ಚಿಗಿ ರೊಕ್ಕ ಮುಟ್ಲಿಲ್ಲ.

ಕಾಕಾ ಬರದಿದ್ದು ಅಪ್ಪಾರು ಕಟ್ಟಿ ಮ್ಯಾಲೆ ಕುಂತು ಎರಡ ದಿನದಾಗ ಓದಿದ್ರು. ಮೈಸೂರಿನ ಟಾಡಾ ಕೋರ್ಟ್ (ಭಯೋತ್ಪಾದನೆ ಕೇಸಿನ ವಿಶೇಷ ಕೋರ್ಟ್) 2001ರಾಗ ಕೊಟ್ಟಿದ್ದು ಜೀವಾವಧಿ, ಅದನ್ನ 2004ರಾಗ ಗಲ್ಲಿಗೆ ಏರಿಸಿದ್ದ ಸುಪ್ರೀಂ ಕೋರ್ಟ್, ಆಮ್ಯಾಲೆ ಅರ್ಜಿ ಒಂಬತ್ತು ವರ್ಷ ಹಂಗ ಬಿದ್ದಿತ್ತು, ಕಾರಣ ಇಲ್ಲದ ಅಷ್ಟು ವರ್ಷ ದಿನಾ ಸಾವು ಕಾಯೋದ ಒಂದು ಹಿಂಸೆ ಅಂತ ಮೂರು ಜನ ಜಡ್ಜ್‌ಗಳು ಹೇಳ್ಯಾರ. ಅರ್ಜಿ ತಿರಸ್ಕಾರ ಆಗಿದ್ದು ಕೈದಿಗೆ ತಿಳಿಸಿದ್ಮ್ಯಾಲೆ ಗಲ್ಲಿಗೆ ಕನಿಷ್ಠ 14 ದಿನ ಬಿಡಬೇಕು, ಮನಿಯವ್ರನ್ನ ಕಡೀ ಸಲ ಭೇಟಿ ಮಾಡ್ಸಬೇಕು ಅನ್ನೋ ಜಾಗಕ್ಕ ಬಂದಾಗ ಅಪ್ಪಾರು ಚಷ್ಮಾ ತಗದು ಒರಸ್ಕೊಂಡ್ರು. "ಆ ವಾರ ನಮಗ ಇಷ್ಟು ಬರದು ಕೊಟ್ಟಿದ್ರ ಸಾಕಿತ್ತಲ್ಲೇ ಯವ್ವಾ" ಅಂದ್ರು. "ಒಂಟಿ ಸೆರೆ" ಅಂತ ಇದ್ದಲ್ಲಿ ಪೆನ್ ತಗೊಂಡು ಬಾಜೂಕ "ಒಂಟಿ ಖೋಲಿ" ಅಂತ ತಾವ ಬರಕೊಂಡಾರ.

ನಿಮಗೂ ಇಂಥಾದ್ದು ಬೇಕಿದ್ರ ಮುಂಜಾನೆ ಕೋರ್ಟ್ ಶುರು ಆಗೋಕಿಂತ ಮುಂಚೆ ಹೋಗ್ರಿ, ಕಾಕಾನ ಕೈಯಾಗ ಕೊಡ್ರಿ, ಹುಡುಗರ ಕೈಯಾಗ ಬ್ಯಾಡ, ಓದೋರು ಯಾರು ಅಂತ ಅವ್ರಿಗೆ ಹೇಳ್ರಿ.

ಓದಿ ಮುಗಿಸಿದ ರಾತ್ರಿ ಅಪ್ಪಾರು ನಂಗ ಕೇಳಿದ್ರು, "ಇದು ನಾಕು ಮಂದೀದಾತು. 1993ರ ಏಪ್ರಿಲ್ 9ಕ್ಕ ಆ ನೆಲಬಾಂಬಿಗೆ ಸತ್ತ 22 ಮಂದೀದು ಎಲ್ಲೈತಿ?" ಅಂತ. ನಿನ್ನೆ 2004ರ ತೀರ್ಪು ಪ್ರಿಂಟ್ ತಗದು ಕಾಕಾನ ಕೈಯಾಗ ಕೊಟ್ಟು ಬಂದೀನಿ.