ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್: ಉಡುಪಿಯ ಮನೆಯೊಂದರ ಬಳಕೆಯಿಂದ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತ ಮೇಲೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದೆ ವಿಂಡೋಸ್ 11ಕ್ಕೆ ಅರ್ಹವಾಗದ ನಮ್ಮ ಉಡುಪಿಯ ಮನೆಯ ಡೆಸ್ಕ್‌ಟಾಪಿಗೆ ವಿಂಡೋಸ್ ಬದಲಿಗೆ ಬಳಸಬಹುದಾದ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಸಿದೆವು. ಉಚಿತವಾಗಿ ಸಿಗುವ ಈ ವ್ಯವಸ್ಥೆಗೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು. 4 ಜಿಬಿ ಇದ್ದರೆ ಬ್ರೌಸರ್ ಮತ್ತು ಕಚೇರಿ ಕೆಲಸದ ತಂತ್ರಾಂಶವಾದ ಲಿಬ್ರೆಆಫೀಸ್ ನೆಮ್ಮದಿಯಿಂದ ನಡೆಯುತ್ತವೆ. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದ್ದರಿಂದ ಹೆಚ್ಚಿದ ವೇಗವನ್ನಂತೂ ಹೇಳಲೇಬೇಕು.

ನನಗೆ ಎಲ್ಲಕ್ಕಿಂತ ಸಂತೋಷ ತಂದದ್ದು ಕನ್ನಡದ ಬೆರಳಚ್ಚು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಇದರಲ್ಲಿ ಮೊದಲೇ ಅಡಕವಾಗಿದ್ದು, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿಕೊಂಡರೆ ಬೇರೆ ತಂತ್ರಾಂಶವಿಲ್ಲದೆ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಕನ್ನಡವನ್ನು ಬರೆಯಬಹುದು. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು, ಆ ಫಾಂಟುಗಳನ್ನು ಸೇರಿಸದಿದ್ದರೆ, ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಸಂಘಸಂಸ್ಥೆಗಳ ವರದಿಗಳನ್ನು ಹೀಗೆ ಉಳಿಸಿಕೊಂಡವರು ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು.

ಮಿಂಟಿನ ಮುಖ್ಯ ಆವೃತ್ತಿ 2020ರಿಂದ 64 ಬಿಟ್ ಪ್ರೊಸೆಸರುಗಳಿಗೆ ಮಾತ್ರ ಬರುತ್ತಿರುವುದರಿಂದ, 32 ಬಿಟ್ ಪ್ರೊಸೆಸರಿನ ಹಳೆಯ ಯಂತ್ರಗಳಿಗೆ ಇದನ್ನು ಶಿಫಾರಸು ಮಾಡಲಾರೆ.