ಸ್ಟೂಡೆಂಟ್ ಪ್ರಿನ್ಸ್ ಮತ್ತು ಮೆರ್ರಿ ವಿಡೋ: ದುಡ್ಡು ಕೊಡಬೇಕಾದ್ದು ಯಾವುದಕ್ಕೆ?

ಮೂಕಿ ಕಾಲದ ರಾಜಕುಮಾರರ ಪ್ರೇಮಕಥೆಗಳಲ್ಲಿ ನನ್ನ ಓಟು ಅರ್ನ್‌ಸ್ಟ್ ಲ್ಯೂಬಿಚ್ ಮಾಡಿದ ‘ದ ಸ್ಟೂಡೆಂಟ್ ಪ್ರಿನ್ಸ್ ಇನ್ ಓಲ್ಡ್ ಹೈಡೆಲ್‌ಬರ್ಗ್’ಗೆ (1927). ಇದರ ಡಿಸ್ಕ್ ತರಿಸಿಕೊಂಡೆ. ಕೊಟ್ಟ ದುಡ್ಡಿಗೆ ಒಂದಿಷ್ಟೂ ಬೇಜಾರಿಲ್ಲ. ಇದಕ್ಕೆ ಸರಿಸಾಟಿಯಾಗಿ ನಿಲ್ಲಬೇಕಿದ್ದದ್ದು ಸ್ಟ್ರೋಹೈಮ್ ನಿರ್ದೇಶಿಸಿದ ‘ದ ಮೆರ್ರಿ ವಿಡೋ’ (1925). ಅದನ್ನು ನೋಡಿದ್ದು ಆನ್‌ಲೈನ್‌ನಲ್ಲಿ, ಪುಕ್ಕಟೆ. ಎರಡೂ ಹಾಲಿವುಡ್ಡಿನ ಎಂಜಿಎಂ ಕಂಪನಿಯ ಚಿತ್ರಗಳೇ. ಒಂದರಲ್ಲಿ ಕಾರ್ಲ್ಸ್‌ಬರ್ಗ್, ಇನ್ನೊಂದರಲ್ಲಿ ಮಾಂಟೆಬ್ಲಾಂಕೊ ಎಂಬ ಕಲ್ಪನೆಯ ರಾಜ್ಯ. ಎರಡರಲ್ಲೂ ರಾಜಕುಮಾರ ತನ್ನ ಅಂತಸ್ತಿಗೆ ಸೇರದ ಹುಡುಗಿಗೆ ಮನಸೋಲುತ್ತಾನೆ.

ಮೆರ್ರಿ ವಿಡೋದಲ್ಲಿ ನನಗೆ ತಲೆನೋವಾದದ್ದು ಸಂಗೀತ. ಫ್ರಾಂಜ್ ಲೆಹಾರ್ 1905ರಲ್ಲಿ ರಚಿಸಿದ ಗೀತನಾಟಕ ಈ ಚಿತ್ರದ ಮೂಲ. ಅದರ ವಾಲ್ಟ್ಸ್ (ಜೋಡಿಯಾಗಿ ಕುಣಿಯುವ ನೃತ್ಯದ ಸಂಗೀತ) ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಮೂಕಿ ಚಿತ್ರವಾದರೂ ದೊಡ್ಡ ಥಿಯೇಟರ್‌ಗಳಲ್ಲಿ ವಾದ್ಯದವರು ಪರದೆಯ ಮುಂದೆ ಕೂತು ನುಡಿಸುತ್ತಿದ್ದರಲ್ಲ, ಹಾಗಾಗಿ ನಾಯಕ ಜಾನ್ ಗಿಲ್ಬರ್ಟ್ ಮತ್ತು ನಾಯಕಿ ಮೇ ಮರ್ರೆ ಕುಣಿಯುವ ದೃಶ್ಯ ಸಂಗೀತದ ಜೊತೆಗೇ ಜನರಿಗೆ ಸಿಗುತ್ತಿತ್ತು.

ನನಗೆ ಸಿಕ್ಕ ಪ್ರತಿಯಲ್ಲಿ ಯಾರೋ ಸುಮ್ನೆ ಯಾವುದೋ ಪಿಯಾನೊ ತುಣುಕುಗಳನ್ನು ಒಂದಾದ ಮೇಲೊಂದು ಅಂಟಿಸಿದ್ದರು. ವಾಲ್ಟ್ಸ್ ಅಂದರೆ ಮೂರರ ಎಣಿಕೆ. ಕಿವಿಗೆ ಬೀಳುತ್ತಿದ್ದದ್ದು ನಾಲ್ಕರ ಎಣಿಕೆ. ಅವರ ಕಾಲು ಒಂದು ಕಡೆ, ತಾಳ ಇನ್ನೊಂದು ಕಡೆ. ಇಬ್ಬರ ಕಣ್ಣಲ್ಲೂ ಪ್ರೀತಿ ತುಂಬಿ ಬರುವ ಕ್ಷಣದಲ್ಲಿ ಪಿಯಾನೊ ಗಡಿಬಿಡಿಯಿಂದ ಓಡುತ್ತಿತ್ತು. ಸದ್ದು ಪೂರ್ತಿ ಕಡಿಮೆ ಮಾಡಿ, ಫೋನಿನಲ್ಲಿ ಲೆಹಾರ್‌ನ ವಾಲ್ಟ್ಸ್ ಹಾಕಿಕೊಂಡು ನೋಡಿದೆ. ಸ್ವಲ್ಪ ಹೊತ್ತು ಹೊಂದಿತು, ಆಮೇಲೆ ಜಾರಿತು. ನಿಲ್ಲಿಸು, ಹಿಂದೆ ಹೋಗು, ಮತ್ತೆ ಶುರುಮಾಡು. ಹೀಗೆ ಮಾಡುತ್ತಾ ಪ್ರೇಮಕಥೆ ನೋಡಲಾಗುತ್ತದಾ?

ಇದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ 1925ರ ಚಿತ್ರಗಳ ಹಕ್ಕು 2021ರ ಶುರುವಿನಲ್ಲೇ ಮುಗಿಯಿತು, 1927ರವುಗಳದ್ದು 2023ರಲ್ಲಿ. ನಮ್ಮ ಕಾನೂನಿನಲ್ಲೂ ಸಿನಿಮಾಗೆ 60 ವರ್ಷದ ಮಿತಿ. ಹಾಗಾಗಿ ಚಿತ್ರವನ್ನು ಯಾರು ಬೇಕಾದರೂ ಹಂಚಬಹುದು. ಆದರೆ ಈಚೆಗೆ ಬರೆದ ಹಿನ್ನೆಲೆ ಸಂಗೀತಕ್ಕೆ ಅದರದ್ದೇ ಹಕ್ಕು ಇರುತ್ತದೆ. ಅದನ್ನು ಹಾಕುವಂತಿಲ್ಲ ಅಂತ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಅಂದರೆ ಮೂಕಿ ಚಿತ್ರಕ್ಕೆ ನಾವು ದುಡ್ಡು ಕೊಡುವುದು ಹೆಚ್ಚಾಗಿ ಸಂಗೀತಕ್ಕೇ.

ನನ್ನ ಡಿಸ್ಕ್‌ನಲ್ಲಿ ಇರುವುದು ಕಾರ್ಲ್ ಡೇವಿಸ್ ಸಂಗೀತ. ಈ ಚಿತ್ರಕ್ಕೆಂದೇ 1980ರ ದಶಕದಲ್ಲಿ ಬರೆದದ್ದು. ಅರಮನೆಯಲ್ಲಿ ಒಂಟಿಯಾಗಿ ಬೆಳೆದ ಕಾರ್ಲ್ ಹೈನ್ರಿಚ್ (ರಮೋನ್ ನೊವಾರೊ) ಓದಲು ಜರ್ಮನಿಯ ಹೈಡೆಲ್‌ಬರ್ಗ್‌ಗೆ ಬರುತ್ತಾನೆ. ತಂಗಿದ ಛತ್ರದಲ್ಲಿ ಬಿಯರ್ ಹಂಚುವ ಕ್ಯಾಥಿ (ನಾರ್ಮಾ ಶಿಯರರ್) ಸಿಗುತ್ತಾಳೆ. ರಾಜ್ಯದ ಕರೆ ಬಂದಾಗ ಬಿಟ್ಟು ಹೋಗಲೇಬೇಕು. ರಾಜನಾಗಿ ಮತ್ತೆ ಅಲ್ಲಿಗೆ ಬಂದರೆ, ಹೆಗಲ ಮೇಲೆ ಕೈ ಹಾಕುತ್ತಿದ್ದ ಗೆಳೆಯರು ಈಗ ಬಿಗಿಯಾಗಿ, ಮರ್ಯಾದೆಯಿಂದ ನಿಂತಿದ್ದಾರೆ. ಕ್ಯಾಥಿ ಮಾತ್ರ ಬದಲಾಗಿಲ್ಲ. ಓಡಿ ಬರುತ್ತಾಳೆ. ಈ ದೃಶ್ಯಕ್ಕೆ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಕೊನೆಯಲ್ಲಿ ರಾಜನ ಮೆರವಣಿಗೆ ನೋಡುತ್ತಾ ಜನ, ರಾಜನಾಗಿರುವುದು ಎಷ್ಟು ಚೆಂದ ಅನ್ನುತ್ತಾರೆ. ನೊವಾರೊನ ಮುಖ ನೋಡಿದ ನಮಗೆ ಗೊತ್ತು, ಅಲ್ವಾ?

ಸ್ಟ್ರೋಹೈಮ್‌ಗೆ ಸಲ್ಲಬೇಕಾದ್ದೂ ಇದೆ. ಹಲ್ಲು ಕಿರಿಯುವ ಯುವರಾಜ ಮಿರ್ಕೊ ಆಗಿ ರಾಯ್ ಡಾರ್ಸಿ ಮೈ ಜುಮ್ಮೆನ್ನಿಸುತ್ತಾನೆ. ಅರಮನೆಯ ಕೊಳಕನ್ನು ಲ್ಯೂಬಿಚ್ ಇಷ್ಟು ಧೈರ್ಯವಾಗಿ ತೋರಿಸಿಲ್ಲ. ಆದರೆ ಚಿತ್ರ ಎರಡು ಗಂಟೆಗೂ ಜಾಸ್ತಿ.

ನಮ್ಮ ನೆಲದ ಕಥೆಯೇ ಬೇಕು ಅನ್ನುವವರಿಗೆ 1929ರ ‘ಪ್ರಪಂಚ ಪಾಶ್’ ಇದೆ. ರಾಜಸ್ಥಾನದಲ್ಲಿ ತೆಗೆದದ್ದು, ಪಗಡೆಯಾಟ, ಇಬ್ಬರು ರಾಜರು, ಒಬ್ಬಳು ಹುಡುಗಿ. ನಿತಿನ್ ಸಾಹ್ನಿ ಸಂಗೀತ ಇರುವ ಪ್ರತಿಯನ್ನೇ ಹುಡುಕಿ.

ನಾನು ನೋಡುವುದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಒಂದೇ ಚಿತ್ರವನ್ನು ಮತ್ತೆ ಮತ್ತೆ ನೋಡುವ ಅಭ್ಯಾಸ ಬೇರೆ. ಹಾಗಾಗಿ ನನಗೆ ಸ್ಟೂಡೆಂಟ್ ಪ್ರಿನ್ಸ್ ಡಿಸ್ಕ್ ದುಬಾರಿ ಅನ್ನಿಸಲಿಲ್ಲ. ಒಂದೇ ಸಲ ನೋಡಿ ಬಿಡುವವರು ಮೆರ್ರಿ ವಿಡೋವನ್ನು ಪುಕ್ಕಟೆಯಾಗಿಯೇ ನೋಡಬಹುದು. ಪಿಯಾನೊ ಮಾತ್ರ ಮೊದಲೇ ಮ್ಯೂಟ್ ಮಾಡಿಬಿಡಿ.