ನವನಗರ ದಾಟಿದ ಮೇಲಿನ ಒಂದು ಲೇಔಟ್: ಕಾಗದ ಪಕ್ಕಾ, ಹಸ್ತಾಂತರ ಬಾಕಿ

ಹುಬ್ಬಳ್ಳಿ-ಧಾರವಾಡ ನಡುವೆ ಸೈಟ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನವನಗರ ದಾಟಿ ಧಾರವಾಡದ ಕಡೆ ಹೋಗುವಾಗ ಬರುವ ಒಂದು ಖಾಸಗಿ ಲೇಔಟ್‌ನಲ್ಲಿ ನಾವು 30×40 ಸೈಟ್ ತೆಗೆದುಕೊಂಡೆವು. ಮನೆ ಕಟ್ಟಿ ಈಗ ಅಲ್ಲೇ ಇದ್ದೇವೆ. ಲೇಔಟ್ ಮಾಡಿದವರ ಹೆಸರು ಹಾಕುವುದಿಲ್ಲ. ನಮ್ಮ ನಿವಾಸಿಗಳ ಸಂಘ ಅವರ ಜೊತೆ ಇನ್ನೂ ಮಾತುಕತೆಯಲ್ಲಿದೆ. ಅದೂ ಅಲ್ಲದೆ ನಾನು ಹೇಳುವ ತೊಂದರೆ ಈ ಭಾಗದ ಹಲವು ಲೇಔಟ್‌ಗಳಲ್ಲಿ ಇದೆ. ನನ್ನ ಅಂಕ 5ಕ್ಕೆ 3. ಕಾಗದಪತ್ರಕ್ಕೆ ಮಾತ್ರ ಕೇಳಿದರೆ 5ಕ್ಕೆ 5 ಕೊಡುತ್ತೇನೆ.

ಕಾಗದದಿಂದಲೇ ಶುರು ಮಾಡುತ್ತೇನೆ. ಎನ್‌ಎ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ನಕ್ಷೆ, ಹಳೆಯ ಉತಾರಗಳು (ಪಹಣಿ), ಇಸಿ ಅಂದರೆ ಋಣಭಾರ ಪ್ರಮಾಣಪತ್ರ, ಎಲ್ಲದರ ಝೆರಾಕ್ಸ್ ಸೆಟ್ ಕೇಳುವ ಮೊದಲೇ ಕೈಗೆ ಕೊಟ್ಟರು. ನಮ್ಮ ವಕೀಲರು ಕೇಳಿದ ಹೆಚ್ಚಿನ ಕಾಗದವನ್ನೂ ತಡ ಮಾಡದೆ ತಂದುಕೊಟ್ಟರು. ಮಾಸ್ಟರ್ ಪ್ಲ್ಯಾನ್‌ನಲ್ಲಿ ಆ ಜಾಗ ಹಳದಿ ಬಣ್ಣದಲ್ಲೇ ಇದೆ, ಅಂದರೆ ವಸತಿ ವಲಯ. ಖರೀದಿ ಪತ್ರ ಆಗುವಾಗಲೂ ಹೇಳಿದ್ದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಇಷ್ಟು ನೇರವಾಗಿ ವ್ಯವಹಾರ ಮಾಡುವವರು ಈ ಧಂದೆಯಲ್ಲಿ ಕಡಿಮೆ. (ಈಗ ತೆಗೆದುಕೊಳ್ಳುವವರು ಲೆಕ್ಕದಲ್ಲಿ ಒಂದನ್ನು ಸೇರಿಸಿಕೊಳ್ಳಿ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ.)

ಕಾಗದಕ್ಕೆ ಯಾಕೆ ಇಷ್ಟು ಬೆಲೆ ಕೊಡುತ್ತೇನೆ ಅಂದರೆ, ಅದೇ ರಸ್ತೆಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಗುಂಟಾ ಪ್ಲಾಟ್‌ಗಳು ಸಿಗುತ್ತವೆ. ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುತ್ತಾರೆ. ಎನ್‌ಎ ಇಲ್ಲ, ಮಂಜೂರಾದ ನಕ್ಷೆ ಇಲ್ಲ. ನಮಗೂ ಒಬ್ಬ ಏಜೆಂಟ್ ಹೇಳಿದ್ದರು: "ಗುಂಟಾದಾಗ ತಗೊಳ್ರಿ ಅಕ್ಕಾರ, ಅರ್ಧ ರೇಟಿಗೆ ಬರ್ತೈತಿ. ಮುಂದ ಸರಕಾರನ ಸಕ್ರಮ ಮಾಡ್ತೈತಿ." ಈ ಒಂದು ಮಾತಿನ ಮೇಲೆ ಎಷ್ಟು ಜನ ಜೀವನದ ಉಳಿತಾಯ ಹಾಕಿದ್ದಾರೋ! ಅನುಮತಿ ಇಲ್ಲದ ಕಟ್ಟಡ, ಸೈಟ್‌ಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ 2025ರಲ್ಲಿ ಸರ್ಕಾರ ಕಾನೂನು ತಿದ್ದಿ, 2024ರ ಸೆಪ್ಟೆಂಬರ್ 10ರೊಳಗೆ ನೋಂದಣಿಯಾದ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡಲು ಹೊರಟಿತು. ಮೊದಲ ವರ್ಷ ಎರಡು ಪಟ್ಟು ತೆರಿಗೆ, ಆಮೇಲೆ ಮಾಮೂಲಿ. ಬಿ ಖಾತಾ ಬಂದರೆ ತೆರಿಗೆ ಪಟ್ಟಿಯಲ್ಲಿ ಹೆಸರು ಬರುತ್ತದೆ, ಆದರೆ ರಸ್ತೆ ಬರುವುದಿಲ್ಲ. ಹೊಲದಲ್ಲಿ ಬಿಡದೇ ಇದ್ದ ಪಾರ್ಕನ್ನು ಯಾವ ಖಾತಾವೂ ತರಲಾರದು. ಗುಂಟಾ ಪ್ಲಾಟ್ ತೆಗೆದುಕೊಂಡವರನ್ನು ನಾನು ಬೈಯುವುದಿಲ್ಲ. ಮಂಜೂರಾದ ಸೈಟಿನ ಬೆಲೆ ಅವರ ಕೈಗೆ ಎಟುಕುವುದಿಲ್ಲ, ಅಷ್ಟೇ ಕಾರಣ. ಸರ್ಕಾರಿ ಬಡಾವಣೆಗಳು ಸಾಕಷ್ಟು ಬಂದಿದ್ದರೆ ಅವರು ಅಲ್ಲಿಗೆ ಯಾಕೆ ಹೋಗುತ್ತಿದ್ದರು? ಚುನಾವಣೆ ಹತ್ತಿರ ಬಂದಾಗ ಸಕ್ರಮದ ಮಾತು ಮತ್ತೆ ಏಳುತ್ತದೆ, ಪ್ಲಾಟ್ ಮಾರುವವರಿಗೆ ಅದೇ ಜಾಹೀರಾತು.

ಇನ್ನು ಲೇಔಟ್ ಒಳಗಿನ ಕೆಲಸ. ಹೆಸ್ಕಾಂ ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲ ಸರಿಯಾಗಿದೆ. ಗಟಾರಕ್ಕೆ ಕಾಂಕ್ರೀಟ್ ಹಾಕಿದ್ದಾರೆ. ಮುಖ್ಯ ರಸ್ತೆ ಡಾಂಬರು ಚೆನ್ನಾಗಿದೆ, ಅಡ್ಡ ರಸ್ತೆಗಳಲ್ಲಿ ಮಾತ್ರ ಎರೆ (ಕಪ್ಪು) ಮಣ್ಣು ಇರುವ ಕಡೆ ಕುಸಿದಿದೆ. ಹುಬ್ಬಳ್ಳಿ ಕಡೆ ಎರೆ ಜಾಸ್ತಿ, ಧಾರವಾಡದ ಕಡೆ ಹೋದಂತೆ ಮಸಾರಿ (ಕೆಂಪು ಮಣ್ಣು) ಸಿಗುತ್ತದೆ. ನಡುವೆ ಒಂದೇ ಲೇಔಟ್‌ನಲ್ಲಿ ಎರಡೂ ಇರಬಹುದು. ನಿಮ್ಮ ಸೈಟ್ ಯಾವುದರಲ್ಲಿದೆ ಅನ್ನುವುದನ್ನು ಗುಂಡಿ ತೋಡಿಸಿ ನೋಡಿಕೊಳ್ಳಿ, ಬುನಾದಿ ಖರ್ಚು ಅದರ ಮೇಲೆ ನಿಂತಿದೆ.

ಈಗ ಅಂಕ ಕಡಿಮೆಯಾಗಲು ಕಾರಣವಾದ ವಿಷಯ. ಬ್ರೋಷರ್‌ನಲ್ಲಿ ಪಾರ್ಕ್ ಇತ್ತು, ನಕ್ಷೆಯಲ್ಲೂ ಇದೆ. ಜಾಗದಲ್ಲಿ ನೋಡಿದರೆ ತಂತಿ ಬೇಲಿಯೊಳಗೆ ಜಾಲಿ ಬೆಳೆದಿದೆ. ಮಕ್ಕಳು ರಸ್ತೆಯಲ್ಲೇ ಆಡುತ್ತಾರೆ. ಒಳಚರಂಡಿ ಪೈಪ್ ಲೇಔಟ್ ಒಳಗೆಲ್ಲ ಇದೆ, ಚೇಂಬರ್‌ಗಳೂ ಇವೆ, ಆದರೆ ಗಡಿ ದಾಟಿ ಹೊರಗಿನ ಮುಖ್ಯ ಲೈನಿಗೆ ಅದನ್ನು ಜೋಡಿಸಿಲ್ಲ. ಹೊಲಸು ನೀರು ಪಕ್ಕದ ಹಳ್ಳಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಆ ಹಳ್ಳದ ಆಚೆ ಹೊಲ ಮಾಡುವ ರೈತರು ನಮ್ಮ ಲೇಔಟ್‌ಗೆ ಬಂದು ಜಗಳ ಮಾಡಿದರು, ಅವರ ಮಾತು ನೂರಕ್ಕೆ ನೂರು ಸರಿ ಇತ್ತು. ಕುಡಿಯುವುದಕ್ಕೂ ಬಳಸುವುದಕ್ಕೂ ಬೋರ್ ನೀರೇ. 2008ರಲ್ಲೇ ಹುಬ್ಬಳ್ಳಿ-ಧಾರವಾಡದ ಕೆಲವು ಭಾಗಗಳಲ್ಲಿ ದಿನದ 24 ಗಂಟೆ ನಳದ ನೀರು ಕೊಡುವ ಪ್ರಯೋಗ ಶುರುವಾಗಿತ್ತು, ದೇಶದ ಕಣ್ಣು ಆಗ ಇಲ್ಲಿ ಇತ್ತು. ನೀರು ಹೆಚ್ಚಾಗಿ ಬರುವುದು ಸವದತ್ತಿ ಹತ್ತಿರದ ಮಲಪ್ರಭಾ ಅಣೆಕಟ್ಟಿನಿಂದ, ಅಂದರೆ ಧಾರವಾಡ ದಾಟಿಯೇ ಹುಬ್ಬಳ್ಳಿಗೆ ಬರಬೇಕು. ಹಾಗಿದ್ದೂ ನಡುವೆ ಕೂತಿರುವ ನಮಗೆ ನಳ ಇಲ್ಲ.

ಇದೆಲ್ಲಕ್ಕೂ ಒಂದೇ ಮೂಲ. ನಮ್ಮ ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸೈಟ್ ಕೊಳ್ಳುವಾಗ ಯಾರೂ ಇದನ್ನು ಹೇಳುವುದಿಲ್ಲ. ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ, ನಾವು ಆರಿಸುವುದಿಲ್ಲ. ರಸ್ತೆ, ಪಾರ್ಕ್, ಸಾರ್ವಜನಿಕ ಬಳಕೆಗೆ ಬಿಡುವ ಸಿಎ ಸೈಟ್, ಇವನ್ನು ಲೇಔಟ್ ಮಾಲೀಕರು ಉಚಿತವಾಗಿ ಬಿಟ್ಟುಕೊಡಬೇಕು, ಅದಕ್ಕೆ ನೋಂದಣಿ ಪತ್ರವೂ ಆಗುತ್ತದೆ. ಆಮೇಲೆ ಕೆಲಸ ಎಲ್ಲ ಮುಗಿದ ಮೇಲೆ ಲೇಔಟ್ ಪಾಲಿಕೆಯ ಕೈಗೆ ಹೋಗಬೇಕು. ಅಲ್ಲಿಂದ ಮುಂದೆ ಬೀದಿ ದೀಪ, ಕಸ, ರಸ್ತೆ ರಿಪೇರಿ ಪಾಲಿಕೆಯದ್ದು. ಪಾಲಿಕೆಯಲ್ಲಿ ನಾವು ಆರಿಸಿದ ಸದಸ್ಯರಿದ್ದಾರೆ. ಆದರೆ ಹಸ್ತಾಂತರ ಆಗದ ಜಾಗಕ್ಕೆ ಪಾಲಿಕೆ ದುಡ್ಡು ಹಾಕುವಂತಿಲ್ಲ. ಅದು ಅವರ ತಪ್ಪು ಎನ್ನಲಾರೆ. ಅರ್ಧ ಮುಗಿದ ಕೆಲಸವನ್ನು ಅವರು ಒಪ್ಪಿಕೊಂಡರೆ ಮಾಲೀಕರ ಖರ್ಚನ್ನು ಇಡೀ ಊರು ಹೊರಬೇಕಾಗುತ್ತದೆ. ಒಪ್ಪಿಗೆ ಕೊಟ್ಟವರು ಒಂದು ಕಡೆ, ನೋಡಿಕೊಳ್ಳಬೇಕಾದವರು ಇನ್ನೊಂದು ಕಡೆ, ನಡುವೆ ಮನೆ ಕಟ್ಟಿದ ನಾವು.

ಮಾಲೀಕರು ಕೆಲಸ ಯಾಕೆ ಮುಗಿಸುವುದಿಲ್ಲ? ಪ್ರಾಧಿಕಾರ ಸೈಟ್‌ಗಳನ್ನು ಒಂದೇ ಸಲ ಮಾರಲು ಬಿಡುವುದಿಲ್ಲ, ಕೆಲಸ ಆದಂತೆ ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ಕೊನೆಯ ಕಂತು ತಡೆದಿಟ್ಟರೆ ಮಾಲೀಕರು ಕೆಲಸ ಮುಗಿಸಿಯೇ ಮುಗಿಸುತ್ತಾರೆ ಅನ್ನುವುದು ಇದರ ಲೆಕ್ಕ. ಜಾಗದ ಬೆಲೆ ನಿಂತಲ್ಲೇ ನಿಂತಿದ್ದರೆ ಈ ಲೆಕ್ಕ ನಡೆಯುತ್ತದೆ. ಇಲ್ಲಿ ಬೆಲೆ ಏರುತ್ತಲೇ ಇದೆ. ಕೊನೆಯ ಕಂತಿನ ಸೈಟ್ ಇವತ್ತು ಮಾರುವುದಕ್ಕಿಂತ ಇನ್ನಷ್ಟು ದಿನ ಬಿಟ್ಟು ಮಾರಿದರೆ ಮಾಲೀಕರಿಗೇ ಲಾಭ. ಹಾಗಾಗಿ ತಡೆದಿಟ್ಟದ್ದೇ ಅವರಿಗೆ ಅನುಕೂಲ. ನಿಯಮ ಬರೆದವರು ಇದನ್ನು ಮತ್ತೆ ನೋಡಬೇಕು. ಕೆಲಸಕ್ಕೆ ಗಡುವು ಇಟ್ಟು, ಗಡುವು ಮೀರಿದರೆ ಆ ಸೈಟ್‌ಗಳನ್ನು ಪ್ರಾಧಿಕಾರವೇ ಹರಾಜು ಹಾಕಿ, ಬಂದ ದುಡ್ಡಲ್ಲಿ ಒಳಚರಂಡಿ ಜೋಡಿಸುವಂತೆ ಆಗಬೇಕು. ಆಗ ನೋಡಿ ಪಾರ್ಕ್ ಹೇಗೆ ಬರುತ್ತದೆ!

ನಮ್ಮ ಓಣಿಯ ನಿವೃತ್ತ ಮಾಸ್ತರೊಬ್ಬರು ಸಭೆಯಲ್ಲಿ ಹೇಳಿದ ಮಾತು ನನಗೆ ಸರಿ ಅನ್ನಿಸಿತು: "ಕಾರ್ಪೊರೇಟರ್ ಮನಿ ಬಾಗಲಾ ತಟ್ಟಾಕ ಬರ್ತೈತಿ. ಪ್ರಾಧಿಕಾರದಾಗ ಯಾರ ಬಾಗಲಾ ತಟ್ಟೋಣ್ರಿ?" ಆ ಕಾರ್ಪೊರೇಟರ್ ಬಾಗಿಲೂ ಯಾವಾಗಲೂ ಇರಲಿಲ್ಲ. ಪಾಲಿಕೆಯ ಹಿಂದಿನ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು, 82 ವಾರ್ಡ್‌ಗಳಿಗೆ ಚುನಾವಣೆ ಆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಬಂದದ್ದು 2022ರ ಮೇ ತಿಂಗಳಲ್ಲಿ. ಅಷ್ಟು ಕಾಲ ಊರಲ್ಲಿ ಮನೆ ಕಟ್ಟುವುದು ನಿಂತಿತ್ತಾ? ಇಲ್ಲ. ಪ್ರಶ್ನೆ ಕೇಳುವ ಸಭೆ ಮಾತ್ರ ಇರಲಿಲ್ಲ.

ಈಗ ಇನ್ನೊಂದು ಸೇರಿಕೊಂಡಿದೆ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಸಂಪುಟ ಒಪ್ಪಿತು. 82ರಲ್ಲಿ 26 ವಾರ್ಡ್ ಧಾರವಾಡಕ್ಕೆ. 1962ರಿಂದ ಒಂದಾಗಿದ್ದ ಪಾಲಿಕೆ ಇದು. ಧಾರವಾಡದವರು ಇದನ್ನು ಬಹಳ ವರ್ಷ ಕೇಳಿದ್ದಾರೆ. ಅನುದಾನ ಎಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅನ್ನುವ ನೋವು ಅಲ್ಲಿ ನಿಜವಾಗಿ ಇದೆ. ಸಣ್ಣ ಪಾಲಿಕೆ ಆದರೆ ನಮ್ಮಂಥ ಅಂಚಿನ ಲೇಔಟ್‌ಗಳು ಕಣ್ಣಿಗೆ ಬೀಳಬಹುದು ಅನ್ನುವ ಆಸೆ ನನಗೂ ಇದೆ. ಆದರೆ ಆದಾಯ ಸಣ್ಣದಾದರೆ ಹೊಸ ಲೇಔಟ್ ವಹಿಸಿಕೊಳ್ಳಲು ಇನ್ನೂ ಹಿಂದೆ ಸರಿಯಬಹುದು. ನಡುವಿನ ಭಾಗದಲ್ಲಿ ಸೈಟ್ ನೋಡುವವರು, ಆ ವಾರ್ಡ್ ಯಾವ ಪಾಲಿಕೆಗೆ ಸೇರುತ್ತದೆ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.

ಬ್ರೋಷರ್‌ನಲ್ಲಿ "ಚಿಗರಿ ಸ್ಟಾಪ್‌ನಿಂದ 5 ನಿಮಿಷ" ಅಂತ ದೊಡ್ಡದಾಗಿ ಹಾಕಿದ್ದರು. ಚಿಗರಿ ಬಸ್ ನನಗೆ ತುಂಬಾ ಇಷ್ಟ. ಸುಮಾರು 22 ಕಿ.ಮೀ. ಉದ್ದಕ್ಕೂ ರಸ್ತೆ ನಡುವೆ ಅದಕ್ಕೇ ಬೇರೆ ದಾರಿ, ಎಸಿ ಬಸ್, ನಿಲ್ದಾಣದಲ್ಲೇ ಟಿಕೆಟ್. 2018ರಲ್ಲಿ ಓಡಾಟ ಶುರುವಾಗಿ 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆ ಆಯಿತು. ಅದು ಬಂದ ಮೇಲೆ ಎರಡೂ ಊರಿನ ನಡುವೆ ಮನೆ ಮಾಡುವ ಧೈರ್ಯ ನಮ್ಮಂಥವರಿಗೆ ಬಂತು, ಈ ಲೇಔಟ್‌ಗಳು ಮಾರಾಟವಾಗುವುದೂ ಅದರ ಹೆಸರಲ್ಲೇ. ಆದರೆ 5 ನಿಮಿಷ ಅನ್ನುವುದು ನಕ್ಷೆಯ ಮೇಲೆ ಗೆರೆ ಎಳೆದಾಗ ಮಾತ್ರ. ನಿಜವಾದ ದಾರಿ ಬಹಳ ಸುತ್ತು.

ಯಾಕೆ ಸುತ್ತು ಅಂದರೆ, ಒಂದೊಂದು ಲೇಔಟ್‌ಗೂ ಬೇರೆ ಬೇರೆಯಾಗಿ ಒಪ್ಪಿಗೆ ಸಿಕ್ಕಿದೆ. ನಮ್ಮ 40 ಅಡಿ ರಸ್ತೆ ನೇರವಾಗಿ ಹೋಗಿ ಪಕ್ಕದ ಲೇಔಟ್‌ನ ಕಾಂಪೌಂಡ್ ಗೋಡೆಗೆ ನಿಲ್ಲುತ್ತದೆ. ಗೋಡೆಯ ಆಚೆ ಅವರ ರಸ್ತೆ ಕಾಣುತ್ತದೆ. ಅದರ ಮುಂದೆ ಒಂದು ಹೊಲ, ಇನ್ನೂ ಎನ್‌ಎ ಆಗಿಲ್ಲ, ಜೋಳ ಬೆಳೆಯುತ್ತಾರೆ. ಹೊಲ ದಾಟಿದರೆ ಮುಖ್ಯ ರಸ್ತೆ. ಮಾಸ್ಟರ್ ಪ್ಲ್ಯಾನ್‌ನಲ್ಲಿ ಇದೇ ಜಾಗದಲ್ಲಿ ಅಗಲ ರಸ್ತೆ ಎಳೆದಿದ್ದಾರೆ. ಲೇಔಟ್ ಮಾಲೀಕರು ತಮ್ಮ ಜಾಗದಲ್ಲಿ ಬರುವ ತುಂಡನ್ನಷ್ಟೇ ಬಿಡುತ್ತಾರೆ. ಉಳಿದ ತುಂಡಿಗೆ ಭೂಸ್ವಾಧೀನ ಆಗಬೇಕು, ಪರಿಹಾರ ಕೊಡಬೇಕು, ಅದಕ್ಕೆ ದುಡ್ಡಿಡಬೇಕು. ಯಾರೂ ಇಟ್ಟಿಲ್ಲ. ಹೊಲದ ಮಾಲೀಕರು ಸುಮ್ನೆ ಯಾಕೆ ಕೊಡುತ್ತಾರೆ ಅಲ್ವಾ? ಹೀಗಾಗಿ ನಮ್ಮತ್ತೆ ದವಾಖಾನೆಗೆ ಹೋಗಬೇಕಾದರೂ ಆಟೋದವರು ಸುತ್ತಿನ ಬಾಡಿಗೆ ಕೇಳುತ್ತಾರೆ. ಕೋಟಿಗಟ್ಟಲೆ ಸುರಿದು ನಡುವಿನ ದಾರಿ ಮಾಡಿದ ಮೇಲೆ, ಅದಕ್ಕೆ ತಲುಪುವ ಅಡ್ಡ ರಸ್ತೆಗಳಿಗೆ ಅದರ ಒಂದು ಪಾಲಾದರೂ ಇಟ್ಟಿದ್ದರೆ ಎಷ್ಟು ಮನೆಯವರು ಬೈಕ್ ಬಿಟ್ಟು ಬಸ್ ಹತ್ತುತ್ತಿದ್ದರು!

ಒಟ್ಟಿನಲ್ಲಿ ಮಾಲೀಕರು ಮೋಸ ಮಾಡುವವರಲ್ಲ, ಫೋನ್ ಮಾಡಿದರೆ ಎತ್ತುತ್ತಾರೆ, ಬೋರ್ ಮೋಟಾರ್ ಕೆಟ್ಟಾಗ ಜನ ಕಳಿಸುತ್ತಾರೆ. ಆದರೆ "ಮುಂದಿನ ತಿಂಗಳು" ಅನ್ನುವ ಮಾತು ಮುಗಿಯುವುದಿಲ್ಲ. ಸಂಘದಿಂದ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಯಾವ ಯಾವ ಕೆಲಸ ಬಾಕಿ ಅನ್ನುವ ಪಟ್ಟಿ ತೆಗೆಸುತ್ತಿದ್ದೇವೆ. ಏಪ್ರಿಲ್‌ನಲ್ಲೇ ತೆರಿಗೆ ತುಂಬಿ ಶೇ 5 ರಿಯಾಯಿತಿ ತೆಗೆದುಕೊಳ್ಳಿ ಅಂತ ಎಲ್ಲರಿಗೂ ಹೇಳಿದ್ದೇವೆ. ತುಂಬಿದ ರಸೀದಿ ಇದ್ದರೆ ಮಾತಿಗೆ ತೂಕ ಬರುತ್ತದೆ.

ನೀವು ಈ ಕಡೆ ಎಲ್ಲೇ ನೋಡಿದರೂ ಲೇಔಟ್ ಹಸ್ತಾಂತರ ಆಗಿದೆಯಾ ಅಂತ ಮೊದಲು ಕೇಳಿ, ಆಗಿದೆ ಅಂದರೆ ಅದರ ಪತ್ರ ಕೇಳಿ. ರಸ್ತೆ, ಪಾರ್ಕ್ ಬಿಟ್ಟುಕೊಟ್ಟ ನೋಂದಣಿ ಪತ್ರದ ಪ್ರತಿ ಕೇಳಿ. ಜುಲೈ ಮಳೆಯಲ್ಲಿ ಒಮ್ಮೆ ಹೋಗಿ ಗಟಾರದ ನೀರು ಎಲ್ಲಿಗೆ ಹೋಗುತ್ತದೆ ಅಂತ ಬೆನ್ನು ಹತ್ತಿ ನೋಡಿ. ಅಲ್ಲಿ ಈಗಾಗಲೇ ಇರುವ ಮನೆಯವರ ಹತ್ತಿರ ಮಾತಾಡಿ, ಚಹಾ ಕೊಟ್ಟು ಎಲ್ಲ ಹೇಳುತ್ತಾರೆ. ನಮ್ಮ ಲೇಔಟ್‌ನ ಕೊನೆಯ ಕಂತಿನ ಸೈಟ್‌ಗಳಿಗೆ ಈಗಲೇ ಅಡ್ವಾನ್ಸ್ ಕೇಳುತ್ತಿದ್ದಾರೆ ಎಂದು ಕೇಳಿದ್ದೇನೆ. ಒಳಚರಂಡಿ ಜೋಡಣೆ ಆಗಿ ಪಾರ್ಕಿನ ಬೇಲಿ ತೆಗೆಯುವ ತನಕ ದಯವಿಟ್ಟು ಯಾರೂ ಕೊಡಬೇಡಿ. ನೀವು ತಡೆದರೆ ನಿಮಗೂ ಒಳ್ಳೆಯದು, ಇಲ್ಲಿರುವ ನಮಗೂ ಕೆಲಸ ಆಗುತ್ತದೆ.